ಗೋಡೆಯ ಮೇಲಿರುವುದು ಟಾರಂಟುಲಾ ಹೌದೇ? ಗುರುತು ಹಿಡಿಯುವ ಬಗೆ, ಹಂತ ಹಂತವಾಗಿ

ಮೊದಲ ಮಳೆ ಬಿದ್ದ ವಾರದಲ್ಲೇ ನನ್ನ ಮೊಬೈಲಿಗೆ ಜೇಡಗಳ ಚಿತ್ರಗಳು ಬರತೊಡಗುತ್ತವೆ. ಬಚ್ಚಲುಮನೆಯ ಗೋಡೆಯ ಮೇಲೆ ಅಂಗೈ ಅಗಲದ್ದೊಂದು, ಕೊಟ್ಟಿಗೆಯ ತೊಲೆಯ ಸಂದಿನಲ್ಲಿ ಇನ್ನೊಂದು, ತೋಟದ ಕಾಲುವೆಯ ಅಂಚಿನಲ್ಲಿ ಮತ್ತೊಂದು. ಜೊತೆಗೆ ಅವೇ ಮೂರು ಪ್ರಶ್ನೆಗಳು: ಇದು ಟಾರಂಟುಲಾ ಹೌದೇ? ಯಾವ ಜಾತಿ? ಕಚ್ಚಿದರೆ ಸಾಯುತ್ತೇವೆಯೇ? ಇಬ್ಬರಿಗೆ ಉತ್ತರಿಸುವಷ್ಟರಲ್ಲಿ ಮತ್ತೆ ನಾಲ್ವರು ಅದನ್ನೇ ಕೇಳುತ್ತಾರೆ. ಆದ್ದರಿಂದ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಮೂರನೆಯ ಪ್ರಶ್ನೆಯ ಉತ್ತರ ಮೊದಲು: ನಮ್ಮ ಟಾರಂಟುಲಾಗಳು ಕಚ್ಚಿದರೆ ಚೆನ್ನಾಗಿಯೇ ನೋಯುತ್ತದೆ, ಕೆಲವು ಕಚ್ಚಿದರೆ ದಿನಗಟ್ಟಲೆ ಸ್ನಾಯು ಸೆಳೆತ ಕಾಡುತ್ತದೆ. ಆದರೆ ಆರೋಗ್ಯವಂತ ವಯಸ್ಕರ ಪ್ರಾಣ ತೆಗೆಯುವ ಜೇಡಗಳು ಇವಲ್ಲ. ಉಳಿದ ವಿವರ ಕೊನೆಯ ಹಂತದಲ್ಲಿದೆ.

ಇನ್ನು ಹೆಸರಿನ ವಿಷಯ. ನೀವು ಕಳಿಸುವ ಚಿತ್ರಗಳಲ್ಲಿ ಹೆಚ್ಚಿನವು ಟಾರಂಟುಲಾ ಅಲ್ಲವೇ ಅಲ್ಲ. ಟಾರಂಟುಲಾ ಆಗಿದ್ದರೂ ಬಣ್ಣ ನೋಡಿ ಪ್ರಭೇದದ ಹೆಸರು ಹೇಳಿಬಿಡಲು ಆಗುವುದಿಲ್ಲ. ಜೇಡದ ಬಣ್ಣ ವಯಸ್ಸಿನೊಂದಿಗೆ ಬದಲಾಗುತ್ತದೆ. ಪೊರೆ ಬಿಡುವ ಮುನ್ನ ಮಂಕಾಗುತ್ತದೆ, ಬಿಟ್ಟ ಮೇಲೆ ಹೊಳೆಯುತ್ತದೆ. ಮೊಬೈಲಿನ ಫ್ಲ್ಯಾಶ್ ಬಿದ್ದರೆ ಕಂದು ಬಣ್ಣವೂ ನೇರಳೆಯಾಗಿ ಕಾಣುತ್ತದೆ. ಅಂಗರಚನೆ ಮತ್ತು ವಾಸದ ಜಾಗ ಹಾಗೆ ಮೋಸ ಮಾಡುವುದಿಲ್ಲ. ಕೆಳಗಿನ ಹಂತಗಳೆಲ್ಲ ಅವೆರಡನ್ನೇ ನಂಬಿವೆ.

ಎರಡು ಪದಗಳನ್ನು ಮೊದಲೇ ಬಿಡಿಸಿ ಹೇಳುತ್ತೇನೆ. ಕುಲ ಎಂದರೆ ಹತ್ತಿರದ ನೆಂಟರ ಗುಂಪು, ಪ್ರಭೇದ ಎಂದರೆ ಆ ಗುಂಪಿನ ಒಂದೊಂದು ಬಗೆ. ಪೊಯಿಸಿಲೊಥೇರಿಯಾ ರೆಗಾಲಿಸ್ ಎಂಬ ಹೆಸರಿನಲ್ಲಿ ಮೊದಲನೆಯದು ಕುಲ, ಎರಡನೆಯದು ಪ್ರಭೇದ. ಟಾರಂಟುಲಾಗಳೆಲ್ಲ ಸೇರುವ ದೊಡ್ಡ ಕುಟುಂಬಕ್ಕೆ ಥೆರಫೋಸಿಡೇ ಎಂದು ಹೆಸರು. ಜಗತ್ತಿನಲ್ಲಿ ಈ ಕುಟುಂಬದ ಸಾವಿರಕ್ಕೂ ಹೆಚ್ಚು ಪ್ರಭೇದಗಳಿವೆ, ಭಾರತದಲ್ಲಿ ಐವತ್ತಕ್ಕೂ ಹೆಚ್ಚು. ತಮಾಷೆಯೆಂದರೆ ಮೂಲ 'ಟಾರಂಟುಲಾ' ಈ ಕುಟುಂಬದ್ದೇ ಅಲ್ಲ. ಇಟಲಿಯ ಟಾರಂಟೋ ಊರಿನ ಸುತ್ತ ಸಿಗುವ ತೋಳ ಜೇಡಕ್ಕೆ ಇದ್ದ ಹೆಸರದು. ಯುರೋಪಿನವರು ಅಮೆರಿಕ ಖಂಡಗಳಿಗೆ ಹೋದಾಗ ಅಲ್ಲಿ ಕಂಡ ರೋಮಭರಿತ ದೊಡ್ಡ ಜೇಡಗಳಿಗೂ ಅದನ್ನೇ ಅಂಟಿಸಿದರು.

ಏನೇನು ಬೇಕು

ಒಂದು ಟಾರ್ಚು, ಹತ್ತಿರದಿಂದ ಸ್ಪಷ್ಟವಾಗಿ ಚಿತ್ರ ತೆಗೆಯಬಲ್ಲ ಮೊಬೈಲು, ಅಗಲ ಬಾಯಿಯ ಪಾರದರ್ಶಕ ಡಬ್ಬಿ, ಒಂದು ಗಟ್ಟಿ ರಟ್ಟು, ಅಳತೆಗೊಂದು ನಾಣ್ಯ. ಹತ್ತು ರೂಪಾಯಿಯ ನಾಣ್ಯದ ಅಡ್ಡಳತೆ 27 ಮಿಲಿಮೀಟರ್. ಅದನ್ನು ಜೇಡದಿಂದ ಒಂದು ಗೇಣು ದೂರದಲ್ಲಿಟ್ಟರೆ ಸಾಕು, ಪಕ್ಕಕ್ಕೆ ತಳ್ಳಬೇಕಿಲ್ಲ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈಮಸೂರ ಇದ್ದರೆ ಒಳ್ಳೆಯದು.

ಬೇಡದ್ದು ನಿಮ್ಮ ಬರಿಗೈ. ಟಾರಂಟುಲಾವನ್ನು ಅಂಗೈ ಮೇಲೆ ಹರಿಯಬಿಡುವ ವಿಡಿಯೊಗಳಲ್ಲಿ ಇರುವುದು ಹೆಚ್ಚಾಗಿ ಅಮೆರಿಕದ ನಿಧಾನಿ ಜೇಡಗಳು. ನಮ್ಮವು ಮುಂಗೋಪಿಗಳು, ಮಿಂಚಿನಂತೆ ಓಡುತ್ತವೆ. ಅಪಾಯ ನಿಮಗೆ ಮಾತ್ರವಲ್ಲ: ಎದೆಯೆತ್ತರದಿಂದ ಬಿದ್ದರೆ ಅದರ ಹೊಟ್ಟೆ ಒಡೆದುಹೋಗಬಹುದು.

ಹಂತ 1: ಟಾರಂಟುಲಾ ಹೌದೋ ಅಲ್ಲವೋ

ಮನೆಯೊಳಗೆ ಹೆದರಿಸುವ ಜೇಡ ಬಹುತೇಕ ಸಲ ಹಂಟ್ಸ್‌ಮನ್. ವೈಜ್ಞಾನಿಕ ಹೆಸರು ಹೆಟೆರೊಪೋಡಾ ವೆನಟೋರಿಯಾ. ದೇಹ ಚಪ್ಪಟೆ, ಕಾಲುಗಳು ಏಡಿಯಂತೆ ಪಕ್ಕಕ್ಕೆ ಹರಡಿರುತ್ತವೆ, ಕಣ್ಣುಗಳ ಕೆಳಗೆ ತಿಳಿಬಣ್ಣದ ಅಡ್ಡಪಟ್ಟೆ, ಮೀಸೆ ಬಿಟ್ಟಂತೆ. ಹೊಟ್ಟೆಯ ಕೆಳಗೆ ಬಿಳಿಯ ಚಪ್ಪಟೆ ಬಿಲ್ಲೆಯೊಂದನ್ನು ಅವುಚಿಕೊಂಡು ಗೋಡೆ ಹತ್ತಿದ್ದರೆ ಅದು ಮೊಟ್ಟೆಯ ಚೀಲ ಹೊತ್ತ ಹೆಣ್ಣು ಹಂಟ್ಸ್‌ಮನ್. ಅದು ರಾತ್ರಿ ನಿಮ್ಮ ಅಡುಗೆಮನೆಯ ಜಿರಲೆ ಹಿಡಿಯುತ್ತದೆ. ಪೊರಕೆ ಕೆಳಗಿಡಿ.

ಗಾಳಿಯಲ್ಲಿ ಹೆಣೆದ ದೊಡ್ಡ ಚಕ್ರಬಲೆಯ ನಡುವೆ ಕುಳಿತದ್ದೂ ಟಾರಂಟುಲಾ ಅಲ್ಲ. ಟಾರಂಟುಲಾ ಚಕ್ರಬಲೆ ನೇಯುವುದೇ ಇಲ್ಲ. ಬೆನ್ನ ಮೇಲೆ ಮರಿಗಳ ರಾಶಿ ಹೊತ್ತು ನೆಲದ ಮೇಲೆ ಓಡುವುದು, ಟಾರ್ಚು ಬಿಟ್ಟರೆ ಕಣ್ಣು ಫಳಫಳ ಹೊಳೆಯುವುದು ತೋಳ ಜೇಡ.

ಇವೆಲ್ಲ ಹೊರನೋಟದ ಗುರುತುಗಳು. ಖಚಿತಪಡಿಸಿಕೊಳ್ಳಲು ಮೂರು ಪರೀಕ್ಷೆಗಳಿವೆ.

ಮೊದಲನೆಯದು ವಿಷದ ಕೊಂಡಿ. ಸಾಮಾನ್ಯ ಜೇಡಗಳ ಎರಡು ಕೊಂಡಿಗಳು ಒಂದಕ್ಕೊಂದು ಎದುರಾಗಿ, ನಾವು ಎರಡು ಬೆರಳಿನಿಂದ ಚಿವುಟಿದಂತೆ ಕೂಡುತ್ತವೆ. ಟಾರಂಟುಲಾದ ಕೊಂಡಿಗಳು ಪಕ್ಕಪಕ್ಕದಲ್ಲಿ ಮೇಲಿನಿಂದ ಕೆಳಕ್ಕೆ ಇಳಿಯುತ್ತವೆ; ಎರಡು ಪಿಕಾಸಿಗಳನ್ನು ಒಟ್ಟಿಗೆ ಎತ್ತಿ ನೆಲಕ್ಕೆ ಹಾಕಿದಂತೆ. ಅದಕ್ಕಾಗಿಯೇ ಕಚ್ಚುವ ಮುನ್ನ ಮುಂಗಾಲೆತ್ತಿ ಹಿಂದಕ್ಕೆ ಬಾಗುತ್ತದೆ. ಆ ಭಂಗಿಯ ಚಿತ್ರ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಆದರೆ ಚಿತ್ರಕ್ಕಾಗಿ ಕಡ್ಡಿಯಿಂದ ಚುಚ್ಚಿ ಆ ಭಂಗಿ ತರಿಸಬೇಡಿ.

ಎರಡನೆಯದು ಕಣ್ಣು. ಟಾರಂಟುಲಾಕ್ಕೂ ಎಂಟೇ ಕಣ್ಣು, ಆದರೆ ಅವೆಲ್ಲ ತಲೆಯ ಮುಂದೆ, ನಡುವಿನ ಒಂದು ಪುಟ್ಟ ದಿಬ್ಬದ ಮೇಲೆ ಗುಂಪುಗೂಡಿವೆ. ಸಾಸಿವೆಕಾಳುಗಳನ್ನು ಒಂದು ಚಿಟಿಕೆ ಅಂಟಿಸಿದಂತೆ ಕಾಣುತ್ತದೆ. ಹಂಟ್ಸ್‌ಮನ್‌ನ ಕಣ್ಣುಗಳು ಮುಖದ ಅಗಲಕ್ಕೂ ಎರಡು ಸಾಲಾಗಿ ಹರಡಿವೆ.

ಮೂರನೆಯದು ಉಸಿರಿನ ಅಂಗ. ಜೇಡದ ಶ್ವಾಸಕೋಶ ಪುಸ್ತಕದ ಹಾಳೆಗಳನ್ನು ಜೋಡಿಸಿದಂತೆ ಇರುವುದರಿಂದ ಅದನ್ನು ಪುಸ್ತಕ ಶ್ವಾಸಕೋಶ ಎನ್ನುತ್ತಾರೆ. ಹಂಟ್ಸ್‌ಮನ್‌ನಂತಹವಕ್ಕೆ ಇದು ಒಂದು ಜೊತೆ, ಟಾರಂಟುಲಾ ಮತ್ತು ಅದರ ನೆಂಟರಿಗೆ ಎರಡು ಜೊತೆ. ಬದುಕಿರುವ ಜೇಡ ಗಾಜಿನ ಡಬ್ಬಿಯೊಳಗಿದ್ದರೆ ಕೆಳಗಿನಿಂದ ನೋಡಿ: ಹೊಟ್ಟೆಯ ಮುಂಭಾಗದಲ್ಲಿ ನಾಲ್ಕು ತಿಳಿಬಣ್ಣದ ತೇಪೆಗಳು ಕಾಣುತ್ತವೆ. ಬಿಟ್ಟುಹೋದ ಪೊರೆ ಸಿಕ್ಕರೆ ಇನ್ನೂ ಸುಲಭ. ಪೊರೆಯ ಹೊಟ್ಟೆಭಾಗವನ್ನು ಬಿಡಿಸಿದಾಗ ಕಾಗದದಂತೆ ಬೆಳ್ಳಗಿರುವ ನಾಲ್ಕು ಚೌಕಗಳು ಎದ್ದು ಕಾಣುತ್ತವೆ.

ಪದೇ ಪದೇ ಆಗುವ ಒಂದು ತಪ್ಪು: 'ಇದಕ್ಕೆ ಹತ್ತು ಕಾಲಿದೆ, ಜೇಡವೇ ಅಲ್ಲ' ಎಂದು ಕೆಲವರು ಬರೆಯುತ್ತಾರೆ. ಬಾಯಿಯ ಎರಡು ಪಕ್ಕಕ್ಕೂ ಪೆಡಿಪಾಲ್ಪ್ ಎಂಬ ಕಿರುಗಾಲುಗಳಿವೆ. ಟಾರಂಟುಲಾದಲ್ಲಿ ಅವು ಎಷ್ಟು ಉದ್ದವೆಂದರೆ ಕಾಲಿನ ಲೆಕ್ಕಕ್ಕೇ ಸೇರಿಬಿಡುತ್ತವೆ. ಹತ್ತು ಎಣಿಸಿದ್ದರೆ ನೀವು ಸರಿಯಾಗಿಯೇ ಎಣಿಸಿದ್ದೀರಿ.

ಹಂತ 2: ನೆಂಟರನ್ನು ಬೇರೆ ಮಾಡುವುದು

ಮೇಲಿನ ಮೂರೂ ಪರೀಕ್ಷೆಗಳಲ್ಲಿ ಗೆದ್ದರೂ ಅದು ಟಾರಂಟುಲಾವೇ ಆಗಬೇಕೆಂದಿಲ್ಲ. ಇಂತಹ ಕೊಂಡಿ, ಇಂತಹ ಶ್ವಾಸಕೋಶ ಇರುವ ಬೇರೆ ಕುಟುಂಬಗಳೂ ನಮ್ಮ ಕಾಡುತೋಟಗಳಲ್ಲಿವೆ.

ಬಿಲಕ್ಕೆ ಮಣ್ಣು ಮತ್ತು ನೂಲಿನ ಮುಚ್ಚಳ ಮಾಡಿಕೊಳ್ಳುವ ಟ್ರಾಪ್‌ಡೋರ್ ಜೇಡಗಳನ್ನು ನೋಡಿ. ತಲೆಭಾಗ ನುಣ್ಣಗೆ, ಎಣ್ಣೆ ಹಚ್ಚಿದಂತೆ ಹೊಳೆಯುತ್ತದೆ. ಕಾಲುಗಳು ಗಿಡ್ಡ. ಕೊಂಡಿ ಹೊರುವ ಅಂಗದ ತುದಿಯಲ್ಲಿ ಮಣ್ಣು ಅಗೆಯಲೆಂದೇ ದಪ್ಪ ಮುಳ್ಳುಗಳು ಕುಂಟೆಯ ಹಲ್ಲಿನಂತೆ ಇವೆ. ಅವುಗಳಲ್ಲಿ ಇಡಿಯೋಪ್ಸ್ ಕುಲದವಕ್ಕೆ ಎರಡು ಕಣ್ಣುಗಳು ಉಳಿದ ಆರನ್ನು ಬಿಟ್ಟು ಮುಂದಿನ ಅಂಚಿಗೆ ಬಂದು ನಿಂತಿರುತ್ತವೆ.

ಇಂಡೊಥೀಲೆ ಕುಲದ ಜೇಡಗಳು ದರೆಯ ಸಂದುಗಳಲ್ಲಿ ಹಾಳೆಯಂತಹ ಬಲೆ ಹಾಸಿ, ಅದರ ಹಿಂದಿನ ಕೊಳವೆಯಲ್ಲಿ ಕೂರುತ್ತವೆ. ಹೊಟ್ಟೆಯ ತುದಿಯಲ್ಲಿ ಎರಡು ಉದ್ದನೆಯ ಬಾಲದಂತೆ ಕಾಣುವುದು ನೂಲು ಬಿಡುವ ಅಂಗ. ಟಾರಂಟುಲಾದಲ್ಲೂ ಅದು ಕಾಣುತ್ತದೆ, ಆದರೆ ಅಷ್ಟು ಉದ್ದವಿಲ್ಲ.

ಇನ್ನೊಂದು ಗುರುತು ಪಾದದಲ್ಲಿದೆ. ಟಾರಂಟುಲಾದ ಪಾದದ ತುದಿಯಲ್ಲಿ ಎರಡು ಉಗುರುಗಳಿದ್ದು, ಅವನ್ನು ಮುಚ್ಚುವಂತೆ ಒತ್ತಾದ ರೋಮದ ಮೆತ್ತೆ ಇರುತ್ತದೆ. ಗಾಜಿನ ಮೇಲೆ ಇಟ್ಟ ಪಾದ ಬೆಕ್ಕಿನ ಪಂಜದಂತೆ ದುಂಡಗೆ ಕಾಣುವುದು ಇದರಿಂದಲೇ. ಈ ಮೆತ್ತೆಯ ಬಲದಿಂದ ಅದು ನುಣುಪಾದ ಗಾಜನ್ನೂ ಹತ್ತುತ್ತದೆ. ಮೇಲೆ ಹೇಳಿದ ಟ್ರಾಪ್‌ಡೋರ್ ಜೇಡಗಳಿಗೆ ಮೆತ್ತೆಯಿಲ್ಲ, ಉಗುರು ಮೂರು. ಡಬ್ಬಿಯ ತಳದಲ್ಲೇ ಒದ್ದಾಡುತ್ತವೆ. ಬ್ಯಾರಿಕೆಲಿಡೇ ಎಂಬ ಕುಟುಂಬದ ಸಣ್ಣ ಜೇಡಗಳಿಗೆ ಮಾತ್ರ ಈ ಮೆತ್ತೆಯೂ ಇದೆ. ಅಂತಹ ಸಣ್ಣ ಜೇಡ ಎದುರಾದಾಗ ಸೂಕ್ಷ್ಮದರ್ಶಕವಿಲ್ಲದೆ ನಾನು ಬಾಯಿ ಬಿಡುವುದಿಲ್ಲ, ನೀವೂ ಬಿಡಬೇಡಿ.

ಹಂತ 3: ವಿಳಾಸ ಬರೆದುಕೊಳ್ಳುವುದು

ಮರದಲ್ಲೋ ಮಣ್ಣಿನಲ್ಲೋ? ನಮ್ಮ ಕಡೆಯ ಟಾರಂಟುಲಾಗಳ ಮಟ್ಟಿಗೆ ಇಷ್ಟು ಉಪಯೋಗಕ್ಕೆ ಬರುವ ಪ್ರಶ್ನೆ ಇನ್ನೊಂದಿಲ್ಲ. ಮರದ ಪೊಟರೆ, ಎದ್ದ ತೊಗಟೆಯ ಹಿಂಬದಿ, ಹಳೆಯ ಹಂಚಿನ ಮನೆಯ ತೊಲೆ ಮತ್ತು ಗೋಡೆಯ ನಡುವಿನ ಸಂದು ಇವೆಲ್ಲ ಮರದ ಲೆಕ್ಕಕ್ಕೆ. ದರೆ, ರಸ್ತೆ ಬದಿಯ ಮಣ್ಣಿನ ಗೋಡೆ, ಕಲ್ಲಿನ ಅಡಿ, ನೆಲದ ಬಿಲ ಇವು ಮಣ್ಣಿನ ಲೆಕ್ಕಕ್ಕೆ. ಬಿಲವಾದರೆ ಬಾಯಿ ಎಷ್ಟು ಅಗಲ, ಅದರ ಸುತ್ತ ನೂಲು ಎಷ್ಟು ದಟ್ಟ, ಒಣ ಎಲೆ ಸೇರಿಸಿ ಕಟ್ಟಿದೆಯೇ, ಮುಚ್ಚಳವಿದೆಯೇ ಎಂದು ಬರೆದುಕೊಳ್ಳಿ. ಅಗೆದು ನೋಡಬೇಡಿ. ಹೆಣ್ಣು ಟಾರಂಟುಲಾ ವರ್ಷಗಟ್ಟಲೆ ಒಂದೇ ಬಿಲದಲ್ಲಿ ಇರುತ್ತದೆ. ಒಮ್ಮೆ ಕೆಡಿಸಿದರೆ ಮತ್ತೆ ಕಟ್ಟಿಕೊಳ್ಳುವಷ್ಟರಲ್ಲಿ ಹಕ್ಕಿಗೋ ಕಣಜಕ್ಕೋ ಆಹಾರವಾಗಬಹುದು.

ಈ ಹಂತದಲ್ಲಿ ಎಡವುವ ಜಾಗ ಒಂದೇ. ಮಳೆಗಾಲದಲ್ಲಿ ಪ್ರಾಯಕ್ಕೆ ಬಂದ ಗಂಡುಗಳು ಹೆಣ್ಣನ್ನು ಹುಡುಕುತ್ತ ಅಲೆಯುತ್ತವೆ. ಅಂಗಳದ ಚಪ್ಪಲಿಗೂಡಿನಲ್ಲಿ ಸಿಕ್ಕ ಗಂಡಿಗೆ ಚಪ್ಪಲಿಗೂಡು ವಿಳಾಸವಲ್ಲ. ಕೈಕಾಲು ಸಪೂರವಾಗಿ, ಅಲೆಮಾರಿಯಂತೆ ಕಂಡರೆ ಈ ಹಂತವನ್ನು ಬಿಟ್ಟು ಮುಂದಕ್ಕೆ ಹೋಗಿ.

ಹಂತ 4: ಮರದ್ದಾದರೆ

ದಕ್ಷಿಣ ಭಾರತದಲ್ಲಿ ಮರದ ಪೊಟರೆಯಲ್ಲಿರುವ, ಬೂದು–ಕಪ್ಪು–ಬಿಳಿ ಚಿತ್ತಾರದ ದೊಡ್ಡ ಟಾರಂಟುಲಾ ಎಂದರೆ ಬಹುಮಟ್ಟಿಗೆ ಪೊಯಿಸಿಲೊಥೇರಿಯಾ ಕುಲ. ಗ್ರೀಕಿನ 'ಚಿತ್ತಾರದ ಕಾಡುಮೃಗ' ಎಂಬ ಅರ್ಥದಿಂದ ಬಂದ ಹೆಸರು. ಭಾರತ ಮತ್ತು ಶ್ರೀಲಂಕಾ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಈ ಕುಲ ಇಲ್ಲ. ಎರಡೂ ಸೇರಿ ಸುಮಾರು 15 ಪ್ರಭೇದಗಳು.

ಮೇಲಿನಿಂದ ನೋಡಿದಾಗ ತಲೆಭಾಗದ ಮೇಲೆ ನಡುವಿನಿಂದ ಕಿರಣದಂತೆ ಹರಡುವ ಗೆರೆಗಳು, ಹೊಟ್ಟೆಯ ನಡುವೆ ಕಪ್ಪಂಚಿನ ತಿಳಿಬಣ್ಣದ ಎಲೆಯಾಕಾರದ ಪಟ್ಟಿ. ದೇಹ ಸಂದಿಗೆ ನುಗ್ಗಲು ತಕ್ಕಂತೆ ಚಪ್ಪಟೆ. ಹಗಲು ತೊಗಟೆಗೆ ಅಂಟಿ ಕುಳಿತರೆ ಕಲ್ಲುಹೂವಿಗೂ ಜೇಡಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ಕೆರಳಿ ಮುಂಗಾಲೆತ್ತಿದಾಗ ಇನ್ನೊಂದೇ ಪ್ರಾಣಿ: ಮುಂದಿನ ಕಾಲುಗಳ ಅಡಿಭಾಗದಲ್ಲಿ ಕಪ್ಪು ಪಟ್ಟೆಗಳ ನಡುವೆ ನಿಂಬೆಹಳದಿ ಬಣ್ಣ ಝಗ್ಗನೆ ತೋರುತ್ತದೆ. 'ಸರಿದು ಹೋಗು' ಎನ್ನುವ ಫಲಕ ಅದು.

ಕುಲ ಇಲ್ಲಿಗೆ ಖಚಿತವಾಯಿತು. ಪ್ರಭೇದ ಬೇಕೆಂದರೆ ಬೆನ್ನಿನ ಚಿತ್ತಾರ ಮರೆತುಬಿಡಿ. ಅದು ಹೆಚ್ಚುಕಡಿಮೆ ಎಲ್ಲದರಲ್ಲೂ ಒಂದೇ. ನೋಡಬೇಕಾದ್ದು ಕಾಲುಗಳ ಅಡಿಭಾಗ ಮತ್ತು ಹೊಟ್ಟೆಯ ಅಡಿಭಾಗ. ಜೇಡವನ್ನು ಮಗುಚಬೇಕಿಲ್ಲ. ಡಬ್ಬಿಯಲ್ಲಿ ಮುಚ್ಚಿ ಹಿಡಿದು ಡಬ್ಬಿಯ ಗೋಡೆ ಹತ್ತಲು ಬಿಟ್ಟರೆ ಅದೇ ತನ್ನ ಹೊಟ್ಟೆಯನ್ನು ಗಾಜಿಗೆ ಒತ್ತಿ ತೋರಿಸುತ್ತದೆ. ಒಂದನೆಯ ಮತ್ತು ನಾಲ್ಕನೆಯ ಕಾಲಿನ ಪ್ರತಿ ಗೆಣ್ಣಿನ ಮೇಲೂ ಕಪ್ಪು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂಬುದು ಚಿತ್ರದಲ್ಲಿ ಸ್ಪಷ್ಟವಾಗಿ ಬರಬೇಕು.

ನಮ್ಮ ಕಡೆ ಹೆಚ್ಚು ಗೊಂದಲವಾಗುವ ಜೋಡಿ ಪೊಯಿಸಿಲೊಥೇರಿಯಾ ರೆಗಾಲಿಸ್ ಮತ್ತು ಪೊಯಿಸಿಲೊಥೇರಿಯಾ ಸ್ಟ್ರಿಯೇಟಾ. ಎರಡಕ್ಕೂ ಹೆಸರಿಟ್ಟವನು ಬ್ರಿಟಿಷ್ ಪ್ರಾಣಿವಿಜ್ಞಾನಿ ರೆಜಿನಾಲ್ಡ್ ಪೊಕಾಕ್. ಸ್ಟ್ರಿಯೇಟಾ 1895ರಲ್ಲಿ, ರೆಗಾಲಿಸ್ 1899ರಲ್ಲಿ. ಸ್ಟ್ರಿಯೇಟಾಕ್ಕೆ ಇಂಗ್ಲಿಷಿನಲ್ಲಿ ಮೈಸೂರಿನ ಹೆಸರು ಅಂಟಿಕೊಂಡಿದೆ. ಹಾಗೆಂದು ಮೈಸೂರು ಸೀಮೆಯಲ್ಲಿ ಕಂಡದ್ದೆಲ್ಲ ಸ್ಟ್ರಿಯೇಟಾ ಆಗುವುದಿಲ್ಲ. ರೆಗಾಲಿಸ್‌ನ ಹೊಟ್ಟೆಯ ಅಡಿಯಲ್ಲಿ ಅಡ್ಡಲಾಗಿ ಒಂದು ತಿಳಿಬಣ್ಣದ ಪಟ್ಟಿ ಹಾದುಹೋಗುತ್ತದೆ. ಕಪ್ಪು ಕೋಟಿನ ಮೇಲೆ ಕೆನೆಬಣ್ಣದ ನಡುಪಟ್ಟಿ ಕಟ್ಟಿದಂತೆ. ಸ್ಟ್ರಿಯೇಟಾದಲ್ಲಿ ಆ ಪಟ್ಟಿ ಇಲ್ಲ. ಬೆನ್ನಿನ ಚಿತ್ರ ಮಾತ್ರ ಕಳಿಸಿ 'ರೆಗಾಲಿಸ್ ಅಲ್ಲವೇ' ಎಂದು ಕೇಳುವವರಿಗೆ ನಾನು ಉತ್ತರಿಸದಿರುವುದು ಜಂಬದಿಂದಲ್ಲ, ಹೊಟ್ಟೆ ಕಾಣದೆ ಹೇಳಲಾಗದು.

ಎಚ್ಚರಿಕೆ: ಮರಿಗಳಿಗೆ ಈ ಗುರುತುಗಳು ಪೂರ್ತಿ ಮೂಡಿರುವುದಿಲ್ಲ. ಪ್ರಾಯದ ಗಂಡುಗಳಲ್ಲಿ ಅವು ಮಸುಕಾಗಿರುತ್ತವೆ. ಎರಡೂ ಸಂದರ್ಭಗಳಲ್ಲಿ 'ಪೊಯಿಸಿಲೊಥೇರಿಯಾ ಕುಲದ್ದು' ಎಂದಷ್ಟೇ ಬರೆದು ನಿಲ್ಲಿಸಿ. ಕುಲದ ಹೆಸರಿಗೆ ನಿಂತವನು ಸೋತವನಲ್ಲ. ಊಹಿಸಿ ಬರೆದ ಪ್ರಭೇದದ ಹೆಸರು ಮಾತ್ರ ಮುಂದೆ ಹರಡಿ, ಪ್ರಾಣಿಯೇ ಇಲ್ಲದ ಜಿಲ್ಲೆಯಲ್ಲಿ ಅದು ಇದೆಯೆಂದು ದಾಖಲಾಗಿಬಿಡುತ್ತದೆ.

ಬಣ್ಣವೇ ಗುರುತಾಗುವ ಒಂದು ಅಪವಾದ ಈ ಕುಲದಲ್ಲೇ ಇದೆ: ಪೊಯಿಸಿಲೊಥೇರಿಯಾ ಮೆಟಾಲಿಕಾ, ಗಾಢ ನೀಲಿ. ಆಂಧ್ರದ ಗುತ್ತಿಯಲ್ಲಿ ರೈಲ್ವೆಯವರು ಮರದ ದಿಮ್ಮಿ ಒಟ್ಟುವ ಅಂಗಳದಲ್ಲಿ ಸಿಕ್ಕ ಒಂದೇ ಮಾದರಿಯಿಂದ ಪೊಕಾಕ್ 1899ರಲ್ಲಿ ಅದನ್ನು ವರ್ಣಿಸಿದ. ಆಮೇಲೆ ನೂರು ವರ್ಷ ಅದರ ಸುದ್ದಿಯೇ ಇಲ್ಲ. 2001ರಲ್ಲಿ ನಂದ್ಯಾಲ ಮತ್ತು ಗಿದ್ದಲೂರಿನ ನಡುವಿನ ಕಾಡಿನಲ್ಲಿ ಮತ್ತೆ ಸಿಕ್ಕಿತು. ಮೊದಲನೆಯದು ದಿಮ್ಮಿಗಳ ಜೊತೆ ರೈಲು ಹತ್ತಿ ಗುತ್ತಿಗೆ ಬಂದಿರಬೇಕು. ಈಗ ಅದು ತೀವ್ರ ಅಪಾಯದಂಚಿನ ಪಟ್ಟಿಯಲ್ಲಿದೆ. ಅದರ ನೀಲಿ ಬಣ್ಣದ್ರವ್ಯದ್ದಲ್ಲ. ರೋಮದ ಸೂಕ್ಷ್ಮ ರಚನೆಯಲ್ಲಿ ಬೆಳಕು ಚದುರಿ ಹುಟ್ಟಿದ್ದು, ನವಿಲುಗರಿಯ ಬಣ್ಣದ ಹಾಗೆ. ಆದರೆ ನವಿಲುಗರಿಯಂತೆ ನೋಡುವ ಕೋನಕ್ಕೆ ತಕ್ಕಂತೆ ಹೆಚ್ಚು ಬದಲಾಗುವುದಿಲ್ಲ. ಕೊಡಗಿನಲ್ಲೋ ಶಿರಸಿಯಲ್ಲೋ ನೀಲಿ ಜೇಡ ಕಂಡೆನೆಂದರೆ ಮೊದಲು ಫ್ಲ್ಯಾಶ್ ಆರಿಸಿ ಇನ್ನೊಂದು ಚಿತ್ರ ತೆಗೆಯಿರಿ.

ಇನ್ನೊಂದು ಪ್ರಭೇದಕ್ಕೆ ಹನುಮನ ಹೆಸರಿದೆ. ರಾಮೇಶ್ವರದ ದೇವಾಲಯವೊಂದರ ಹೆಸರಿನಿಂದ 2004ರಲ್ಲಿ ಪೊಯಿಸಿಲೊಥೇರಿಯಾ ಹನುಮವಿಲಾಸುಮಿಕಾ ಎಂದು ನಾಮಕರಣವಾಯಿತು. ಆ ಕರಾವಳಿ ಬಿಟ್ಟು ನಮ್ಮ ಮಲೆನಾಡಿನಲ್ಲಿ ಅದನ್ನು ಹುಡುಕುವುದು ವ್ಯರ್ಥ.

ಹಂತ 5: ಮಣ್ಣಿನದಾದರೆ

ಇಲ್ಲಿ ಕೆಲಸ ಕಷ್ಟ. ಎಲ್ಲವೂ ಕಂದು, ಎಲ್ಲವೂ ರೋಮಮಯ. ಹಳೆಯ ವರ್ಣನೆಗಳಲ್ಲಿ ಎಷ್ಟೋ ಮದ್ಯಸಾರದಲ್ಲಿ ವರ್ಷಗಟ್ಟಲೆ ಮುಳುಗಿ ಬಣ್ಣ ಬಿಟ್ಟ ಮಾದರಿಗಳನ್ನು ನೋಡಿ ಬರೆದವು. ಕರ್ನಾಟಕದ ಪಶ್ಚಿಮ ಘಟ್ಟದಲ್ಲಿ ನಿಮಗೆ ಎದುರಾಗಬಹುದಾದ ಮೂರು ಕುಲಗಳನ್ನು ಹೇಳುತ್ತೇನೆ.

ಕೈಲೊಬ್ರಾಕಿಸ್ ಕುಲವನ್ನು ನೂಲಿನಿಂದ ಗುರುತಿಸಬಹುದು. ಬಿಲದ ಬಾಯಿಗೆ ದಟ್ಟವಾಗಿ ಬಿಳಿ ನೂಲು ಹಾಸಿ, ಸುತ್ತಲಿನ ಹುಲ್ಲಿಗೂ ಎಳೆದಿರುತ್ತದೆ. ಗೋವಾ, ಉತ್ತರ ಕನ್ನಡದ ಕಡೆಯ ಕೈಲೊಬ್ರಾಕಿಸ್ ಫಿಂಬ್ರಿಯೇಟಸ್‌ನ ಹೊಟ್ಟೆಯ ಮೇಲೆ ಹುಲಿಪಟ್ಟೆಯಂತೆ ಅಡ್ಡಗೆರೆಗಳಿದ್ದು, ತಲೆಭಾಗಕ್ಕೆ ನೇರಳೆ ಛಾಯೆ ಇರುತ್ತದೆ. ಇನ್ನೊಂದು ಗುರುತು ನಮ್ಮ ಕಿವಿಗೆ ಕೇಳುವಂಥದ್ದು. ಕೊಂಡಿ ಹೊರುವ ಅಂಗ ಮತ್ತು ಕಿರುಗಾಲಿನ ಬುಡದ ನಡುವೆ ಗಟ್ಟಿ ಮುಳ್ಳುರೋಮಗಳ ಸಾಲಿದೆ. ಕೆರಳಿದಾಗ ಅವನ್ನು ಒಂದಕ್ಕೊಂದು ಉಜ್ಜಿ ಬುಸುಗುಟ್ಟುವಂತಹ ಸದ್ದು ಮಾಡುತ್ತದೆ. ಅಸ್ಸಾಮಿನ ಇದರ ಸೋದರಪ್ರಭೇದಕ್ಕೆ 1877ರಲ್ಲಿ ವುಡ್-ಮೇಸನ್ ಎಂಬ ವಿಜ್ಞಾನಿ 'ಸ್ಟ್ರಿಡುಲಾನ್ಸ್' ಎಂದು ಹೆಸರಿಟ್ಟದ್ದು ಈ ಸದ್ದಿಗಾಗಿಯೇ. ಬಿಲದೊಳಗಿಂದ ಬುಸ್ ಎಂದರೆ ಹಾವೆಂದೇ ಎಣಿಸಿ ಹಿಂದೆ ಸರಿಯಿರಿ. ಜೇಡವೆಂದು ಖಚಿತಪಡಿಸಿಕೊಳ್ಳಲು ಕೈ ಹಾಕುವ ಧೈರ್ಯ ಬೇಡ.

ಥ್ರಿಗ್ಮೊಪಿಯಸ್ ಪಶ್ಚಿಮ ಘಟ್ಟಕ್ಕಷ್ಟೇ ಸೀಮಿತವಾದ ಕುಲ. ಇದರ ಥ್ರಿಗ್ಮೊಪಿಯಸ್ ಟ್ರುಕ್ಯುಲೆಂಟಸ್‌ಗೆ ಇಂಗ್ಲಿಷಿನಲ್ಲಿ ಕಾರವಾರದ ಹೆಸರಿದೆ. ಟ್ರುಕ್ಯುಲೆಂಟಸ್ ಎಂದರೆ ಜಗಳಗಂಟ. ಮುರಕಲ್ಲು ಮಣ್ಣಿನ ದರೆಗಳಲ್ಲಿ, ರಸ್ತೆಗೆಂದು ಕಡಿದ ಗುಡ್ಡದ ಗೋಡೆಯಲ್ಲಿ ಆಳವಾದ ಬಿಲ ಮಾಡುತ್ತದೆ. ದಪ್ಪ ಮೈ. ಹೆಣ್ಣಿನ ಮುಂದಿನ ಜೊತೆ ಕಾಲು ಹಿಂದಿನವಕ್ಕಿಂತ ಎದ್ದು ಕಾಣುವಷ್ಟು ದಪ್ಪ. ಪಟ್ಟೆಯಿಲ್ಲ, ಚಿತ್ತಾರವಿಲ್ಲ. ರಸ್ತೆ ಅಗಲ ಮಾಡುವ ಯಂತ್ರ ಹಾದುಹೋದಲ್ಲಿ ಇವುಗಳ ಮನೆ ಸಾಲಾಗಿ ಮಣ್ಣುಪಾಲಾಗುತ್ತದೆ.

ಮೂರನೆಯದು ನಿಯೋಹೆಟರೊಫ್ರಿಕ್ಟಸ್. ಈ ಕುಲಕ್ಕೆ ಹೆಸರು ಬಂದದ್ದೇ 2012ರಲ್ಲಿ. ಅದರ ಒಂದು ಪ್ರಭೇದ 'ಉತ್ತರಕನ್ನಡ', ಇನ್ನೊಂದು 'ಸಹ್ಯಾದ್ರಿ'. ಇವು ಮೇಲಿನವುಗಳ ಮುಂದೆ ಚಿಕ್ಕವು, ಹಾಗಾಗಿ ಬಹಳ ಜನ ಇವನ್ನು ಮರಿಯೆಂದು ಬಿಟ್ಟುಬಿಡುತ್ತಾರೆ. ಇವುಗಳ ಪ್ರಭೇದ ಬೇರ್ಪಡಿಸುವುದು ಗಂಡಿನ ಕಿರುಗಾಲಿನ ತುದಿಯ ಆಕಾರ, ಹೆಣ್ಣಿನ ವೀರ್ಯಚೀಲದ ಆಕಾರ ನೋಡಿಯೇ. ಚಿತ್ರದಿಂದ ಆಗುವ ಕೆಲಸವಲ್ಲ.

ಹಂತ 6: ಗಂಡೋ ಹೆಣ್ಣೋ

ಪ್ರಾಯಕ್ಕೆ ಬಂದ ಗಂಡನ್ನು ಗುರುತಿಸುವುದು ಸುಲಭ. ಕಿರುಗಾಲಿನ ತುದಿ ಉಬ್ಬಿ ಗಂಟಿನಂತಿರುತ್ತದೆ, ಅದರಡಿಯಲ್ಲಿ ಮುಳ್ಳಿನಂತಹ ಬಾಗಿದ ಅಂಗವೊಂದು ಮಡಚಿಕೊಂಡಿರುತ್ತದೆ. ವೀರ್ಯವನ್ನು ಒಯ್ಯುವುದು ಅದರಲ್ಲಿ. ಕೆಲವು ಕುಲಗಳ ಗಂಡಿಗೆ ಮುಂಗಾಲಿನಲ್ಲಿ ಕೊಕ್ಕೆಯೂ ಇರುತ್ತದೆ. ಕೂಡುವಾಗ ಹೆಣ್ಣಿನ ಕೊಂಡಿಗಳನ್ನು ಅದರಿಂದ ತಡೆದು ಹಿಡಿಯುತ್ತದೆ. ಆದರೆ ಪೊಯಿಸಿಲೊಥೇರಿಯಾ, ಕೈಲೊಬ್ರಾಕಿಸ್ ಗಂಡುಗಳಿಗೆ ಆ ಕೊಕ್ಕೆ ಇಲ್ಲ. 'ಕೊಕ್ಕೆ ಕಾಣಲಿಲ್ಲ, ಆದ್ದರಿಂದ ಹೆಣ್ಣು' ಎಂಬ ತರ್ಕ ನಮ್ಮ ಜೇಡಗಳಲ್ಲಿ ಕೈಕೊಡುವುದು ಇಲ್ಲಿ.

ಪ್ರಾಯಕ್ಕೆ ಬಾರದವುಗಳ ಲಿಂಗ ತಿಳಿಯಲು ಪೊರೆ ಬೇಕು. ಪೊಟರೆಯ ಬಾಯಲ್ಲೋ ಬಿಲದ ಹೊರಗೋ ಎಸೆದ ಪೊರೆ ಸಿಕ್ಕರೆ ಅದನ್ನು ಬಟ್ಟಲಿನಲ್ಲಿ ಬೆಚ್ಚಗಿನ ನೀರಿಗೆ ಹಾಕಿ, ಪಾತ್ರೆ ತೊಳೆಯುವ ದ್ರಾವಣ ಒಂದು ತೊಟ್ಟು ಬಿಡಿ. ಅರ್ಧ ಗಂಟೆಯಲ್ಲಿ ಹಪ್ಪಳದಂತಿದ್ದದ್ದು ಬಾಳೆನಾರಿನಂತೆ ಮೆದುವಾಗುತ್ತದೆ. ಮುದುಡಿದ ಹೊಟ್ಟೆಭಾಗವನ್ನು ಚಿತ್ರಕಲೆಯ ತೆಳು ಕುಂಚದಿಂದ ಬಿಡಿಸಿ, ಒಳಮೈ ಮೇಲೆ ಬರುವಂತೆ ಹರಡಿ. ನಾಲ್ಕು ಬಿಳಿ ಚೌಕಗಳಲ್ಲಿ ಮುಂದಿನ ಎರಡರ ನಡುವೆ ಒಂದು ಅಡ್ಡಗೆರೆ ಇದೆ. ಅಲ್ಲಿ ಪುಟ್ಟ ನಾಲಗೆಯಂತಹ ಅಥವಾ ಜೋಡಿ ಮೊಗ್ಗಿನಂತಹ ಮಡಿಕೆ ಎದ್ದು ನಿಂತರೆ ಹೆಣ್ಣು, ಅದು ವೀರ್ಯಚೀಲ. ಖಾಲಿಯಾಗಿದ್ದರೆ ಗಂಡು, ಇಲ್ಲವೇ ನೀವು ಬಿಡಿಸುವಾಗ ಹರಿದಿದ್ದೀರಿ. ಪೊರೆಯನ್ನು ಎಸೆಯಬೇಡಿ, ಒಣಗಿಸಿ, ದಿನಾಂಕ ಮತ್ತು ಜಾಗ ಬರೆದ ಚೀಟಿಯ ಜೊತೆ ಬೆಂಕಿಪೊಟ್ಟಣದಲ್ಲಿಡಿ. ಜೇಡವನ್ನು ಮುಟ್ಟದೆ ಸಿಗುವ ಅತ್ಯುತ್ತಮ ಸಾಕ್ಷಿ ಅದೇ.

ಹಂತ 7: ಊರಿನದೋ ಪರದೇಶದ್ದೋ

ನಗರಗಳಲ್ಲಿ ಸಾಕುಪ್ರಾಣಿಯಾಗಿ ತಂದ ಪರದೇಶದ ಟಾರಂಟುಲಾಗಳೂ ಇವೆ. ಡಬ್ಬಿಯಿಂದ ತಪ್ಪಿಸಿಕೊಂಡದ್ದು ಯಾರದೋ ಬಾಲ್ಕನಿಯಲ್ಲಿ ಕಾಣಬಹುದು. ಅಮೆರಿಕ ಖಂಡಗಳ ಬಹಳಷ್ಟು ಪ್ರಭೇದಗಳ ಹೊಟ್ಟೆಯ ಮೇಲೆ ತುರಿಕೆ ಹುಟ್ಟಿಸುವ ಸೂಕ್ಷ್ಮ ರೋಮಗಳಿರುತ್ತವೆ. ಹೆದರಿದಾಗ ಹಿಂಗಾಲಿನಿಂದ ಕೆರೆದು ಅವನ್ನು ಗಾಳಿಗೆ ತೂರುತ್ತದೆ. ಕೆರೆದು ಕೆರೆದು ಹೊಟ್ಟೆಯ ಹಿಂಭಾಗ ಬೋಳಾಗಿರುವುದೇ ಗುರುತು. ಮೊಣಕಾಲಿನಂತಹ ಗೆಣ್ಣುಗಳಲ್ಲಿ ಕೆಂಪು ಅಥವಾ ಕಿತ್ತಳೆ ಇದ್ದು ಮೈ ಕಪ್ಪಗಿದ್ದರೆ ಮೆಕ್ಸಿಕೊದ ಬ್ರಾಕಿಪೆಲ್ಮಾ ಕುಲ ಇರಬಹುದು.

ನಮ್ಮ ದೇಶದ ಯಾವ ಟಾರಂಟುಲಾಕ್ಕೂ ಈ ತೂರುವ ರೋಮವಿಲ್ಲ. ಹಾಗಾಗಿ 'ಗೋಡೆಯ ಮ್ಯಾಲೆ ಹರಿದುಹೋದರೆ ಕಣ್ಣು ಹೋಗುತ್ತದೆ' ಎಂಬ ಹೆದರಿಕೆ ನಮ್ಮವುಗಳ ವಿಷಯದಲ್ಲಿ ಸುಳ್ಳು. ಪರದೇಶದ್ದರ ರೋಮ ಕಣ್ಣಿಗೆ ಬಿದ್ದರೆ ಮಾತ್ರ ಉಜ್ಜದೆ ನೀರಿನಿಂದ ತೊಳೆದು ಕಣ್ಣಿನ ವೈದ್ಯರ ಬಳಿ ಹೋಗಿ. ತಟ್ಟೆಯಗಲದ ಜೇಡದ ಚಿತ್ರವನ್ನು 'ನಮ್ಮ ತೋಟದಲ್ಲಿ ಸಿಕ್ಕಿತು' ಎಂದು ಯಾರಾದರೂ ಹಂಚಿದರೆ ಅದು ದಕ್ಷಿಣ ಅಮೆರಿಕದ ಥೆರಫೋಸಾ ಬ್ಲಾಂಡಿ ಇರಬೇಕು. ಅದರ ಕಾಲಿನ ಹರವು ಸುಮಾರು 30 ಸೆಂಟಿಮೀಟರ್ ಮುಟ್ಟುತ್ತದೆ; ನಮ್ಮಲ್ಲಿ ಅದು ಇಲ್ಲ.

ಹಂತ 8: ಸಾಗಿಸುವುದು, ಕಚ್ಚಿದರೆ ಮಾಡುವುದು, ದಾಖಲಿಸುವುದು

ಮನೆಯೊಳಗಿನ ಜೇಡವನ್ನು ಹೊರಗೆ ಬಿಡಲು ಡಬ್ಬಿಯನ್ನು ನಿಧಾನವಾಗಿ ಕವುಚಿ, ರಟ್ಟನ್ನು ಗೋಡೆಗೆ ಒತ್ತಿ ಅಡಿಗೆ ಜಾರಿಸಿ. ಲೋಟ ಸಾಲದು, ಕಾಲು ಅಂಚಿಗೆ ಸಿಕ್ಕಿ ತುಂಡಾಗುತ್ತದೆ. ಮರದ್ದನ್ನು ಹತ್ತಿರದ ಹಳೆಯ ಮರದ ಬುಡದಲ್ಲಿ, ಮಣ್ಣಿನದನ್ನು ದರೆಯ ಬಳಿ, ಸಂಜೆಯ ಮೇಲೆ ಬಿಡಿ. ಪರದೇಶದ್ದೆಂದು ಅನುಮಾನವಿದ್ದರೆ ಬಿಡಲೇಬೇಡಿ, ಅರಣ್ಯ ಇಲಾಖೆಗೆ ತಿಳಿಸಿ.

ಕಚ್ಚಿದರೆ ಸೋಪು ನೀರಿನಲ್ಲಿ ತೊಳೆಯಿರಿ. ಕಟ್ಟು ಬಿಗಿಯಬೇಡಿ, ಕೊಯ್ಯಬೇಡಿ, ಬಾಯಿಂದ ಹೀರಬೇಡಿ. ಪೊಯಿಸಿಲೊಥೇರಿಯಾ ಕಚ್ಚಿದ್ದರೆ ಮೊದಲ ನೋವು ಇಳಿದ ಮೇಲೆ, ಗಂಟೆಗಳ ನಂತರ ಸ್ನಾಯು ಸೆಳೆತ ಶುರುವಾಗಬಹುದು. ಕೆಲವರಿಗೆ ಅದು ದಿನಗಳ ನಂತರವೂ ಮರುಕಳಿಸಿದೆ. 'ವಾಸಿಯಾಯಿತು' ಎಂದು ಮನೆಯಲ್ಲೇ ಕೂರದೆ ವೈದ್ಯರಿಗೆ ತೋರಿಸಿ, ಜೇಡದ ಚಿತ್ರ ಒಯ್ಯಿರಿ. ಹಾವಿನ ಕಡಿತಕ್ಕೆ ಕೊಡುವ ಪ್ರತಿವಿಷ ಜೇಡದ ವಿಷಕ್ಕೆ ಕೆಲಸ ಮಾಡುವುದಿಲ್ಲ. ಅದನ್ನೇ ಕೊಡಿಸಿ ಎಂದು ಹಟ ಹಿಡಿಯಬೇಡಿ. ಉಸಿರಾಟಕ್ಕೆ ತೊಂದರೆ, ಮುಖ ಊತ ಕಂಡರೆ ತಡಮಾಡದೆ ಆಸ್ಪತ್ರೆಗೆ ಓಡಿ.

ದಾಖಲಿಸಲು ಬೇಕಾದ ಚಿತ್ರಗಳು: ಮೇಲಿನಿಂದ ಇಡೀ ದೇಹ, ಎದುರಿನಿಂದ ಕಣ್ಣುಗಳು, ಗಾಜಿನ ಮೂಲಕ ಹೊಟ್ಟೆ ಮತ್ತು ಕಾಲುಗಳ ಅಡಿಭಾಗ, ಬಿಲ ಅಥವಾ ಪೊಟರೆ, ಎಲ್ಲದರಲ್ಲೂ ನಾಣ್ಯ. ಜನಸಾಮಾನ್ಯರು ಕಂಡ ಜೀವಿಗಳನ್ನು ದಾಖಲಿಸುವ ಜಾಲತಾಣಗಳಾದ ಐನ್ಯಾಚುರಲಿಸ್ಟ್ ಅಥವಾ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ಗೆ ಹಾಕಬಹುದು. ಆದರೆ ಐನ್ಯಾಚುರಲಿಸ್ಟ್‌ನಲ್ಲಿ ನಿಖರ ಜಾಗವನ್ನು ಮರೆಮಾಡುವ ಆಯ್ಕೆಯನ್ನು ತಪ್ಪದೆ ಒತ್ತಿ. ಮರದ ಗುರುತು ಸಿಗುವ ಹಾಗೆ ದೂರದ ಚಿತ್ರವನ್ನೂ, ಊರಿನ ಹೆಸರನ್ನೂ ವಾಟ್ಸ್ಆ್ಯಪ್ ಗುಂಪುಗಳಿಗೆ ಹಾಕಬೇಡಿ. ಈ ಜೇಡಗಳನ್ನು ಹಿಡಿದು ಮಾರುವವರಿದ್ದಾರೆ. ಅವರಿಗೆ ಬೇಕಾದದ್ದು ಅಷ್ಟೇ ಮಾಹಿತಿ.

ಕಾನೂನೂ ಇದೆ. ಪೊಯಿಸಿಲೊಥೇರಿಯಾ ಕುಲ ಪೂರ್ತಿಯಾಗಿ 2019ರಲ್ಲಿ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧಕ್ಕೆ ಸೇರಿತು. ಸೈಟಿಸ್ ಎಂದರೆ ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಒಪ್ಪಂದ. ಅದರ ಪಟ್ಟಿಯ ಜೀವಿಗಳಿಗೆ ದೇಶದೊಳಗೂ ನಿಯಮ ತಂದದ್ದು ವನ್ಯಜೀವಿ ಸಂರಕ್ಷಣಾ ಕಾಯ್ದೆಯ 2022ರ ತಿದ್ದುಪಡಿ. ಬ್ರಾಕಿಪೆಲ್ಮಾದಂತಹ ಪಟ್ಟಿಯಲ್ಲಿರುವ ಪರದೇಶದ ಜೇಡವನ್ನು ಈಗಾಗಲೇ ಸಾಕಿದ್ದರೆ 2024ರ ನಿಯಮಗಳ ಪ್ರಕಾರ ಅದನ್ನು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು. ಕಾಡಿನಿಂದ ತಂದ ನಮ್ಮದೇ ಜೇಡಕ್ಕೆ ಅಂತಹ ನೋಂದಣಿಯ ದಾರಿ ಹುಡುಕಬೇಡಿ. ಎಲ್ಲಿಂದ ತಂದಿರೋ ಅದೇ ಮರದ ಬುಡಕ್ಕೆ, ಇವತ್ತು ಸಂಜೆಯೇ ಬಿಟ್ಟುಬನ್ನಿ.